ಕಡ್ಡಿಯ ಕೊಬ್ಬು

"ಅದು ಬರೀ ಕೊಬ್ಬು ಅಮ್ಮಾ," ಎಂದ ಮಗ. ಹೇಳುವಾಗ ಅವನು ತಾಯಿಯ ಮುಖ ನೋಡಲಿಲ್ಲ, ತನ್ನ ತಟ್ಟೆಯನ್ನೇ ನೋಡುತ್ತಿದ್ದ.

ತಾಯಿ ಮಗಳ ಕಡೆ ತಿರುಗಿದಳು. ಆ ಮಗಳನ್ನು ಮನೆಯಲ್ಲೂ ಕೆಲಸದಲ್ಲೂ ಎಲ್ಲರೂ ಕರೆಯುವುದೇ ಕಡ್ಡಿ ಎಂದು. ಇಬ್ಬರ ಊಟ ಒಬ್ಬಳೇ ಉಣ್ಣುತ್ತಾಳೆ, ಮೈಗೆ ಮಾತ್ರ ಹತ್ತುವುದಿಲ್ಲ. ಹಣ್ಣು ತರಕಾರಿ ಕೆಡದಂತೆ ಇಡುವ ಶೀತಲ ಗೋದಾಮಿನಲ್ಲಿ ಅವಳಿಗೆ ಕೆಲಸ. ಬಾಯಿಂದ ಹಬೆ ಬರುವಷ್ಟು ಚಳಿಯಲ್ಲಿ ನಿಂತು, ಕೊಳೆತದ್ದನ್ನು ಆರಿಸಿ ತೆಗೆದು, ಕ್ರೇಟುಗಳನ್ನು ಸಾಗಿಸಬೇಕು. ಎರಡು ವರ್ಷದ ಹಿಂದೆ ಅವಳ ಕತ್ತಿನಲ್ಲಿ ಗಂಟೊಂದು ಎದ್ದು, ಅದು ಕ್ಯಾನ್ಸರ್ ಎಂದು ತಿಳಿದು, ತಿಂಗಳುಗಟ್ಟಲೆ ಔಷಧಿ ನಡೆದು ವಾಸಿಯಾಗಿತ್ತು. ಈಗ ವರ್ಷದ ತಪಾಸಣೆಗೆಂದು ಮಾಡಿಸಿದ ಸ್ಕ್ಯಾನಿನಲ್ಲಿ ಕತ್ತಿನ ಎರಡೂ ಪಕ್ಕಕ್ಕೆ, ಹೆಗಲವರೆಗೆ, ಹೊಳೆಯುವ ಚುಕ್ಕೆಗಳು ಕಂಡಿದ್ದವು.

"ಇವಳ ಮೈಯಲ್ಲಿ ಕೊಬ್ಬಾ? ಇವಳಿಗೆ ಕೊಬ್ಬಿರೋದು ನಾಲಿಗೆಯಲ್ಲಿ ಮಾತ್ರ," ಎಂದಳು ತಾಯಿ.

"ಆ ನಾಲಿಗೆ ಯಾರ ಕಡೆಯಿಂದ ಬಂತೋ!" ಎಂದಳು ಕಡ್ಡಿ.

ಮೂವರೂ ನಕ್ಕರು. ಮಗ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಕ್ಕ. ತಾಯಿಯ ಮನಸ್ಸಿಗೆ ಮುಳ್ಳು ಚುಚ್ಚಿದ್ದು ಆಗಲೇ.

ಹಾವು ತುಳಿದವರಿಗೆ ಹಗ್ಗ ಕಂಡರೂ ಭಯ. ಹೋದ ವರ್ಷ ಗಂಡ ಹಾಸಿಗೆ ಹಿಡಿದಾಗ ಇದೇ ಮಗ, ಇದೇ ಜಾಗದಲ್ಲಿ ಕೂತು, "ಬರೀ ಹೊಟ್ಟೆಯುಬ್ಬರ ಅಮ್ಮಾ" ಎಂದಿದ್ದ. ಆಕೆ ನಂಬಿದಳು. ದಿನವೂ ದೇವರ ಮುಂದೆ ಕೂತು, ಉಬ್ಬರ ಇಳಿಸಪ್ಪಾ ಎಂದು ಬೇಡಿಕೊಂಡಳು. ಉಬ್ಬರ ಇಳಿಯಿತು, ಗಂಡ ಹೋದ. ನೆಂಟರಿಗೆಲ್ಲ ಗೊತ್ತಿದ್ದ ಸಂಗತಿ ಆಕೆಯೊಬ್ಬಳಿಗೆ ಗೊತ್ತಿರಲಿಲ್ಲ. ಜೀವಮಾನವೆಲ್ಲ ಜೊತೆಗೆ ಬಾಳಿದವನಿಗೆ ಕೊನೆಯಲ್ಲಿ ಹೇಳಬೇಕಾದ ಮಾತುಗಳು ಎಷ್ಟೋ ಇದ್ದವು. ಆಕೆ ಆ ದಿನಗಳಲ್ಲಿ ಅವನೊಡನೆ ಆಡಿದ್ದು ಮಾತ್ರೆ ಊಟಕ್ಕೆ ಮೊದಲೋ ಆಮೇಲೋ ಎಂಬ ಜಗಳ. ಕೊಟ್ಟವನು ಕರೆದುಕೊಂಡ, ಅದರಲ್ಲಿ ಆಕೆಯ ತಕರಾರಿರಲಿಲ್ಲ. ತಕರಾರಿದ್ದದ್ದು ಮಕ್ಕಳ ಮೇಲೆ.

ಈಗ ಮಗಳ ವಿಷಯದಲ್ಲೂ ಹೀಗೆಯೇ ಕಣ್ಣಿಗೆ ಮಣ್ಣೆರಚುತ್ತಿದ್ದಾರೆಯೆ?

ಆಕೆ ಬಾಯಿ ಮುಚ್ಚಿ ಕಣ್ಣು ತೆರೆದು ಕೂತಳು. ಮಾರನೆಯ ದಿನದಿಂದ ಕಡ್ಡಿ ಗೋದಾಮಿಗೆ ರಜೆ ಹಾಕಿದಳು. ವೈರಿಂಗ್ ಕೆಲಸದ ಮಗ ಎಲ್ಲಿಂದಲೋ ಹಳೆಯ ಹೀಟರೊಂದನ್ನು ತಂದು, ಬಿಚ್ಚಿ, ಸರಿಮಾಡಿ, ತಂಗಿಯ ಮಂಚದ ಪಕ್ಕಕ್ಕೆ ಇಟ್ಟ. ಮನೆಯೊಳಗೇ ಸ್ವೆಟರು, ಕಾಲುಚೀಲ. ಕೇಳಿದರೆ, "ಇನ್ನೊಂದು ಸಲ ಸ್ಕ್ಯಾನ್ ಮಾಡ್ತಾರಂತೆ, ಅಲ್ಲೀವರೆಗೆ ಬೆಚ್ಚಗಿರಬೇಕು ಅಂತ ಡಾಕ್ಟರಮ್ಮ ಹೇಳಿದಾರೆ." ಟಿವಿಯ ರಿಮೋಟಿಗೆ ಕಚ್ಚಾಡದೆ ಒಂದು ದಿನ ಕಳೆಯದ ಅಣ್ಣ ತಂಗಿ ಈಗ ಒಬ್ಬರಿಗೊಬ್ಬರು ನೀರು ತಂದುಕೊಡುತ್ತಿದ್ದರು. ಇಂಥ ಉಪಚಾರವನ್ನು ಆಕೆ ಒಂದು ಸಲ ಕಂಡಿದ್ದಳು, ಗಂಡನ ಕೊನೆಯ ತಿಂಗಳಲ್ಲಿ.

"ಈ ಮನೇಲಿ ಯಾರೋ ಸುಳ್ಳು ಹೇಳ್ತಿದಾರೆ," ಎಂದಳು ಒಂದು ಸಂಜೆ, ಗೋಡೆಯ ಕಡೆ ನೋಡುತ್ತ.

"ನಾನೇನಮ್ಮ ಸುಳ್ಳು ಹೇಳಿದ್ದು?" ಎಂದು ಮಗ ತಟ್ಟನೆ ಎದ್ದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎರಡನೆಯ ಸ್ಕ್ಯಾನಿನ ದಿನ ಆಕೆ, ಯಾರೂ ಕರೆಯದಿದ್ದರೂ ಚಪ್ಪಲಿ ಮೆಟ್ಟಿ ಎಲ್ಲರಿಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು.

ಆಸ್ಪತ್ರೆಯಲ್ಲಿ ಕಡ್ಡಿಗೆ ಸೂಜಿ ಚುಚ್ಚಿ, ಮೇಲೆ ಎರಡು ಕಂಬಳಿ ಹೊದಿಸಿ ಒಳಗೆ ಮಲಗಿಸಿದರು. ಮಗನನ್ನು ಹಿಂದೆ ಬಿಟ್ಟು ತಾಯಿ ನೇರವಾಗಿ ಡಾಕ್ಟರಮ್ಮನ ಕೋಣೆಗೆ ನುಗ್ಗಿದಳು.

"ನನ್ನ ಮಗ ಎಲ್ಲಾ ಹೇಳಿದಾನೆ. ನೀವು ಮುಚ್ಚಿಡೋದು ಬೇಡ. ಎಷ್ಟು ದಿನ ಅಂತ ಮಾತ್ರ ಹೇಳಿ."

"ಯಾವುದಕ್ಕೆ ಎಷ್ಟು ದಿನ?" ಎಂದರು ಡಾಕ್ಟರಮ್ಮ.

ಮಗ ಇವರಿಗೂ ಚೆನ್ನಾಗಿ ಪಾಠ ಹೇಳಿಕೊಟ್ಟಿದ್ದಾನೆ ಎಂದುಕೊಂಡಳು ಆಕೆ.

ಡಾಕ್ಟರಮ್ಮ ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ ಅಮ್ಮ. ಮೈಯಲ್ಲಿ ಕೊಬ್ಬು ಎರಡು ಥರ. ಬಿಳಿ ಕೊಬ್ಬು ಕೂಡಿಡೋದು. ಹಸಿದಾಗ ಬೇಕು ಅಂತ ಹೊಟ್ಟೆ ಸೊಂಟದಲ್ಲಿ ಗಂಟು ಕಟ್ಟಿಡುತ್ತೆ. ಅದೂ ಬೇಕು, ಆದರೆ ಅತಿಯಾದರೆ ಸಕ್ಕರೆ ಕಾಯಿಲೆಗೆ ದಾರಿ. ಇನ್ನೊಂದು ಕಂದು ಕೊಬ್ಬು. ಅದು ಕೂಡಿಡಲ್ಲ, ಉರಿಸುತ್ತೆ. ಚಳಿಯಾದ್ರೆ ಸಾಕು, ರಕ್ತದಲ್ಲಿರೋ ಸಕ್ಕರೆ ಎಳ್ಕೊಂಡು ಮೈಗೆ ಶಾಖ ಕೊಡುತ್ತೆ. ಹಸುಗೂಸುಗಳಿಗೆ ಜಾಸ್ತಿ. ದೊಡ್ಡವರಾದ ಮೇಲೆ ಕೆಲವರಿಗೆ ಕತ್ತು, ಹೆಗಲು, ಬೆನ್ನುಮೂಳೆ ಪಕ್ಕದಲ್ಲಿ ಅಷ್ಟಿಷ್ಟು ಉಳಿದಿರುತ್ತೆ."

"ಕೂಡಿಡೋನೊಬ್ಬ, ಕಳೆಯೋನೊಬ್ಬ. ಎಲ್ಲಾ ಮನೇಲೂ ಇರೋದೇ," ಎಂದಳು ತಾಯಿ, ಇನ್ನೂ ನಂಬದೆ.

"ಅದೇ ಅನ್ಕೊಳ್ಳಿ. ನಿಮ್ಮ ಮಗಳು ದಿನವೂ ಚಳಿಯಲ್ಲೇ ದುಡಿಯೋಳು. ಮೊನ್ನೆ ಮೊದಲ ಸ್ಕ್ಯಾನಿಗೆ ಗೋದಾಮಿನಿಂದ ನೇರ ಇಲ್ಲಿಗೆ ನಡುಗ್ತಾ ಬಂದಿದ್ದಳು. ನಾವು ಚುಚ್ಚೋ ಸೂಜೀಲಿ ಇರೋದೂ ಒಂಥರಾ ಸಕ್ಕರೆನೇ. ಯಾವುದು ಅದನ್ನ ತಿನ್ನುತ್ತೋ ಅದು ಸ್ಕ್ಯಾನಿನಲ್ಲಿ ಹೊಳೆಯುತ್ತೆ."

"ಹಾಗಾದ್ರೆ ಅದು ಬರೀ ಕೊಬ್ಬೇ. ಖಂಡಿತ ತಾನೆ?"

"ಖಂಡಿತ ಅಂತ ಈಗಲೇ ಹೇಳಲಾರೆ ಅಮ್ಮ. ಕ್ಯಾನ್ಸರ್ ಕೂಡ ಸಕ್ಕರೆ ಎಳೆಯುತ್ತೆ, ಅದೂ ಹೊಳೆಯುತ್ತೆ. ಅದಕ್ಕೇ ಬೆಚ್ಚಗಿಟ್ಟು ಇನ್ನೊಂದು ಸಲ ನೋಡ್ತಿರೋದು. ಕೊಬ್ಬಾದ್ರೆ ಬೆಚ್ಚಗಾದಾಗ ಸುಮ್ಮನಾಗುತ್ತೆ. ನಿಮ್ಮ ಮಗನಿಗೂ ಇದನ್ನೇ ಹೇಳಿದ್ದೆ."

"ನನಗೆ 'ಬರೀ ಕೊಬ್ಬು' ಅಂದ."

ಬಾಗಿಲಲ್ಲಿ ಬಂದು ನಿಂತಿದ್ದ ಮಗ ತಲೆ ತಗ್ಗಿಸಿದ. ಅನುಮಾನ ನಿಜವಾದಾಗ ಸಮಾಧಾನವಾಗುತ್ತದೆ ಎಂದು ಆಕೆ ತಿಳಿದಿದ್ದಳು. ಹಾಗಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೂವರನ್ನೂ ಕರೆದು ಡಾಕ್ಟರಮ್ಮ ಪರದೆಯ ಮೇಲೆ ಎರಡು ಚಿತ್ರಗಳನ್ನು ಪಕ್ಕಪಕ್ಕಕ್ಕೆ ಇಟ್ಟರು. ಒಂದರಲ್ಲಿ ಕತ್ತಿನ ಎರಡೂ ಪಕ್ಕ ಕೆಂಡ ಚೆಲ್ಲಿದಂತಿತ್ತು. ಇನ್ನೊಂದರಲ್ಲಿ ಅದೇ ಜಾಗ ಕಪ್ಪಗೆ, ತಣ್ಣಗೆ. "ಏನೂ ಇಲ್ಲ. ಅದು ಕಂದು ಕೊಬ್ಬೇ," ಎಂದರು ಅವರು.

"ಇದು ಬೇರೆ ಯಾರದ್ದೋ ಇರಬಹುದು," ಎಂದಳು ತಾಯಿ.

"ಹೆಸರಿದೆಯಲ್ಲಮ್ಮ ಕೆಳಗೆ!" ಎಂದಳು ಕಡ್ಡಿ.

"ಹೆಸರು ಯಾರು ಬೇಕಾದ್ರೂ ಬರೀತಾರೆ. ಮೂಳೆ ತೋರಿಸಿ."

ಡಾಕ್ಟರಮ್ಮ ಬೇಸರಿಸದೆ ಮೂಳೆ ಕಾಣುವ ಚಿತ್ರ ತೆರೆದರು. ಆಕೆ ಮುಂದೆ ಬಾಗಿದಳು. ಚಿಕ್ಕವಳಿದ್ದಾಗ ಕಡ್ಡಿ ಕಪಾಟಿನ ಮೇಲಿಂದ ಬಿದ್ದು ಕೊರಳ ಬುಡದ ಮೂಳೆ ಮುರಿದುಕೊಂಡಿದ್ದಳು. ಅದು ಸೊಟ್ಟಗೆ ಕೂಡಿ ಒಂದು ಉಬ್ಬು ಉಳಿದಿತ್ತು. ಎಷ್ಟೋ ವರ್ಷ ಸ್ನಾನ ಮಾಡಿಸಿದ ಬೆರಳುಗಳಿಗೆ ಆ ಉಬ್ಬಿನ ಗುರುತು ಮರೆತಿರಲಿಲ್ಲ. ಚಿತ್ರದಲ್ಲಿಯೂ ಉಬ್ಬು ಇತ್ತು, ಆದರೆ ಬಲಕ್ಕೆ.

"ಇವಳದ್ದು ಎಡಗಡೆ!" ಎಂದು ಆಕೆ ಗೆದ್ದವಳಂತೆ, ಸೋತವಳಂತೆ ಕೂಗಿದಳು.

"ಎದುರಿಗೆ ನಿಂತು ನೋಡಿದ ಹಾಗಿರುತ್ತೆ ಅಮ್ಮ. ಅವಳ ಎಡ ನಮಗೆ ಬಲ."

ಆಕೆ ಮಗಳನ್ನು ಎಳೆದು ಎದುರಿಗೆ ನಿಲ್ಲಿಸಿಕೊಂಡು, ಅವಳ ಸ್ವೆಟರಿನ ಕೊರಳು ಸರಿಸಿ, ಬೆರಳಿಟ್ಟು ನೋಡಿದಳು. ಮತ್ತೆ ಪರದೆ ನೋಡಿದಳು. ಬೆರಳನ್ನು ತೆಗೆಯದೆ ಹಾಗೆಯೇ ಬಹಳ ಹೊತ್ತು ನಿಂತಳು.

ಹೊರಗೆ ಕಾಯುವ ಜಾಗದಲ್ಲಿ ಸಾಲು ಕುರ್ಚಿಗಳು. ಆಕೆ ಒಂದರಲ್ಲಿ ಕೂತು ಮಗನನ್ನು ಮುಂದೆ ನಿಲ್ಲಿಸಿಕೊಂಡಳು.

"ಆ ಬೆಳಕು ಹಾಗೇ ಇದ್ದಿದ್ರೆ ನನಗೆ ಹೇಳ್ತಿದ್ಯಾ?"

"ಅಮ್ಮಾ, ನಾನು..." ಎಂದು ಕಡ್ಡಿ ಬಾಯಿ ಹಾಕಿದಳು.

"ನೀನು ಸುಮ್ನಿರೇ. ಅವನನ್ನ ಕೇಳ್ತಿದೀನಿ."

ಮಗ ಕಿಟಕಿಯ ಕಡೆ ನೋಡಿದ, ಆಮೇಲೆ ತಾಯಿಯ ಮುಖವನ್ನೇ ನೋಡಿದ. "ಗೊತ್ತಿಲ್ಲಮ್ಮ. ಧೈರ್ಯ ಬರ್ತಿತ್ತೋ ಇಲ್ವೋ."

ಗಂಡ ಹೋದ ಮೇಲೆ ಅವನು ಆಡಿದ ಮಾತುಗಳಲ್ಲಿ ಆಕೆ ನಂಬಿದ್ದು ಅದೊಂದನ್ನೇ. "ಕೂತ್ಕೋ," ಎಂದು ಪಕ್ಕದ ಕುರ್ಚಿ ತಟ್ಟಿದಳು. "ನಿಮ್ಮಪ್ಪಂಗೆ ನಿಜವಾಗಿ ಏನಾಗಿತ್ತು, ಮೊದಲಿಂದ ಹೇಳು."