ಮಗ್ರಿಬ್ ಇಲ್ಲದ ದಾರಿ

ಕಡಲಿನ ನೀರಿಗೆ ಇನ್ನೂ ಉಪ್ಪು ಕೂಡದಿದ್ದ ಕಾಲದಲ್ಲಿ ಒಬ್ಬ ಸವಾರನಿದ್ದನಂತೆ. ಭೂಮಿ ಎಲ್ಲಿ ಮುಗಿಯುತ್ತದೆ ನೋಡಿಕೊಂಡು ಬಾ ಎಂದು ಸುಲ್ತಾನ ಅವನನ್ನು ಕಳುಹಿಸಿದನಂತೆ. ಅವನ ಕುದುರೆ ಎಂಥ ಓಟದ್ದೆಂದರೆ ಅದರ ನೆರಳು ಯಾವಾಗಲೂ ಒಂದು ಗುಡ್ಡ ಹಿಂದೆ ಉಳಿದು ಏದುಸಿರು ಬಿಡುತ್ತಿತ್ತು. ಆದರೂ ಸೂರ್ಯ ಮುಳುಗಿ ಮಗ್ರಿಬ್ ಬಾಂಗು ಕೇಳಿದ ಕೂಡಲೇ ಸವಾರ ಇದ್ದಲ್ಲೇ ಇಳಿದು, ನಮಾಝ್ ಮಾಡಿ, ಜೀನನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದನಂತೆ.

ನನ್ನ ಅಜ್ಜಿ ಸೈನಬ ಹೇಳುವ ಕತೆಗಳಲ್ಲಿ ಎಲ್ಲರೂ ಮಗ್ರಿಬ್‌ಗೆ ನಿಲ್ಲುತ್ತಿದ್ದರು. ಸವಾರ ನಿಲ್ಲುತ್ತಿದ್ದ, ಅವನನ್ನು ದೋಚಲು ಬಂದ ಕಳ್ಳನೂ ನಿಲ್ಲುತ್ತಿದ್ದ. ವಾಮದಪದವಿನ ನಮ್ಮ ಮನೆಯಲ್ಲೂ ಅದೇ ಕಾನೂನು. ಅಜ್ಜ ಓಡಿಸುತ್ತಿದ್ದ ಲಾರಿ ಚಾರ್ಮಾಡಿ ಘಾಟಿಯಲ್ಲಿ ಕೆಳಗೆ ಬಿದ್ದು ಅವರು ತೀರಿಕೊಂಡದ್ದು ನಾನು ಹುಟ್ಟುವುದಕ್ಕೂ ಮೊದಲು. ರಾತ್ರಿಯ ಕತ್ತಲಲ್ಲಿ ಬಿದ್ದದ್ದೆಂದು ನಾವೆಲ್ಲ ತಿಳಿದಿದ್ದೆವು. ಅಣ್ಣ ಮುನವ್ವರ್, ನನ್ನ ಬಾಯಲ್ಲಿ ಕಾಕ, ದುಬೈಗೆ ಡ್ರೈವರ್ ಆಗಿ ಹೊರಟಾಗ ಅಜ್ಜಿ ಅವನ ಕೈ ಹಿಡಿದು ಮಾತು ತೆಗೆದುಕೊಂಡಿದ್ದರು. ದೂರದ ಗಾಡಿಯಾದರೆ ಮಗ್ರಿಬ್‌ಗೆ ನಿಲ್ಲಬೇಕು, ಬೆಳಗಿನ ಸುಬಹಿ ನಮಾಝ್ ಕಳೆದ ಮೇಲೆಯೇ ಮುಂದಕ್ಕೆ ಹೋಗಬೇಕು. ಧಣಿಯೇ ಹೇಳಲಿ, ಯಾರೇ ಹೇಳಲಿ.

ಎರಡು ಸಾವಿರದ ಎರಡರ ಬೇಸಿಗೆಯ ಒಂದು ಶುಕ್ರವಾರ ಅಬ್ಬಾಸಾಕನ ಅಂಗಡಿಯ ಫೋನಿಗೆ ಅಣ್ಣನ ಕರೆ ಬಂತು.

“ಸಜ್ನಾ, ಜೂನಲ್ಲಿ ನಮ್ಮ ಅರಬಿ ಧಣಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಯುರೋಪಿಗೆ ಹೋಗ್ತಾರೆ. ಜರ್ಮನಿಯಿಂದ ಕಾರು. ನಾರ್ವೆ ಅಂತ ಉಂಟಲ್ಲ, ಅದರ ತುತ್ತತುದಿಗೆ. ಓಡಿಸುವುದು ನಾನು.”

“ಅಷ್ಟು ದೂರವಾ! ದಾರಿ ಗೊತ್ತುಂಟಾ ಕಾಕ?”

“ಎಲ್ಲಿಂದ ಗೊತ್ತಿರುವುದು ಮಾರಾಯ್ತಿ? ಹೋದ ವರ್ಷ ದಾರಿ ತಪ್ಪಿದ ಡ್ರೈವರನ್ನು ಅಲ್ಲಿಂದಲೇ ಊರಿಗೆ ಕಳಿಸಿದ್ದಾರೆ. ನಕ್ಷೆ ಕೊಟ್ಟಿದ್ದಾರೆ, ಅದನ್ನು ಓದುವ ತಲೆ ಕೊಡಲಿಲ್ಲ. ನೀನು ಕನ್ನಡದಲ್ಲಿ ಬರೆದು ಕೊಡು. ನಾಸಿರಾಕ ರಜೆ ಮುಗಿಸಿ ವಾಪಸು ಬರುವಾಗ ಅವರ ಕೈಯಲ್ಲಿ ಕಳಿಸು. ನೀನು ಬರೆದ ಹಾಗೇ ಹೋಗ್ತೇನೆ. ಒಂದು ಅಕ್ಷರ ಆಚೆ ಈಚೆ ಮಾಡುವುದಿಲ್ಲ.”

ಬರೆದು ಕೊಡುತ್ತೇನೆಂದು ಮಾತು ಕೊಟ್ಟೆ. ಫೋನಿಟ್ಟ ಮೇಲೆ ಹೆದರಿಕೆಯಾಯಿತು. ಒಂದು ಅಕ್ಷರ ಆಚೆ ಈಚೆ ಮಾಡುವುದಿಲ್ಲ ಎಂದರೆ ಅಣ್ಣ ನಿಜಕ್ಕೂ ಮಾಡುವವನಲ್ಲ. ಸಣ್ಣವನಿದ್ದಾಗ ಬಂಟ್ವಾಳದಲ್ಲಿ ನಮ್ಮನ್ನು ಹೆತ್ತ ಉಮ್ಮ ಅವನನ್ನು ಬಸ್ಸಿನಲ್ಲಿ ಕೂರಿಸಿ, ನಾನು ಬರುವ ತನಕ ಇಳಿಯಬೇಡ ಎಂದು ಮಲ್ಲಿಗೆ ಕೊಳ್ಳಲು ಹೋಗಿದ್ದರು. ಬಸ್ಸು ಬಿಟ್ಟಿತು. ಅವನು ಬೆಳ್ತಂಗಡಿಗೆ ಹೋಗಿ ಅದೇ ಸೀಟಿನಲ್ಲಿ ಕೂತು ವಾಪಸು ಬಂದ. ಉಮ್ಮ ಬಂದು ಕೈ ಹಿಡಿದ ಮೇಲೆಯೇ ಇಳಿದದ್ದು.

ನಾನಾಗ ಮೂಡುಬಿದಿರೆಯಲ್ಲಿ ಬಿ.ಎ. ಓದುತ್ತಿದ್ದೆ. ಭೂಗೋಳದ ಸ್ವರ್ಣಲತಾ ಟೀಚರ್ ದೊಡ್ಡ ಅಟ್ಲಾಸಿನ ಹಾಳೆಗಳನ್ನು ಜೆರಾಕ್ಸ್ ಮಾಡಿಸಿಕೊಟ್ಟರು. ಅಜ್ಜಿ ಬೀಡಿ ಕಟ್ಟುವ ನೂಲನ್ನು ನೀರಿನಲ್ಲಿ ನೆನೆಸಿ ನಕ್ಷೆಯ ಮೇಲೆ ಹಾಸಿದೆ. ಹ್ಯಾಂಬರ್ಗಿನಿಂದ ಡೆನ್ಮಾರ್ಕಿನ ಸೇತುವೆಗಳನ್ನು ದಾಟಿ, ಸ್ವೀಡನ್ನಿನ ಕಡಲಂಚಿಗೆ ಅಂಟಿಕೊಂಡು ಮೇಲಕ್ಕೆ, ಫಿನ್ಲೆಂಡಿನ ಕಾಡುಗಳಲ್ಲಿ ಬಳುಕಿ ನಾರ್ವೆಯ ತುದಿಗೆ ನೂಲು ತಲುಪಿತು. ಒಂದು ದಿನಕ್ಕೆ ಒಂದು ಹಾಳೆ. ಊರಿನ ಹೆಸರು ಕನ್ನಡದಲ್ಲಿ, ಪಕ್ಕದಲ್ಲಿ ಅಲ್ಲಿನ ಬೋರ್ಡಿನಲ್ಲಿ ಹೇಗಿರುತ್ತದೋ ಹಾಗೆ. ಉಮಿಯೊ, ಲುಲಿಯೊ ಎಂಬ ಊರುಗಳ ಕೊನೆಯ ಅಕ್ಷರದ ಮೇಲೆ ಒಂದು ಸೊನ್ನೆ ಇತ್ತು.

“ಅದೆಂಥದು, ಅಕ್ಷರಕ್ಕೂ ಮುಟ್ಟಾಳೆಯಾ?” ಎಂದು ಅಜ್ಜಿ ಬೀಡಿ ಎಲೆ ಕತ್ತರಿಸುತ್ತಾ ನಕ್ಕರು.

“ಅಲ್ಲಿ ಚಳಿ ಅಲ್ವಾ ಉಮ್ಮುಮ್ಮ, ಟೋಪಿ ಬೇಕು.”

ಬರೆಯುತ್ತಾ ಬರೆಯುತ್ತಾ ನಾನೇ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದೆ. ಕಿಟಕಿಯಾಚೆ ನಾನು ಯಾವತ್ತೂ ಕಾಣದ ಮರಗಳು ಓಡುತ್ತಿದ್ದವು. ಪ್ರತಿ ಹಾಳೆಯ ಕೆಳಗೆ ಎಲ್ಲಿ ತಂಗುವುದು, ಎಷ್ಟು ಹೊತ್ತಿಗೆ ಎಂದು ಬರೆದಿದ್ದೆ. ಹೊತ್ತು ಎಂದರೆ ನಮ್ಮಲ್ಲಿ ಗಂಟೆಯಲ್ಲ. ಮೀನಿನವನು ಬರುವುದು ಮಧ್ಯಾಹ್ನದ ಳುಹರಿಗೆ ಮೊದಲು, ಪೇಟೆಗೆ ಹೋದವರು ಬರುವುದು ಇಳಿಹೊತ್ತಿನ ಅಸರಿಗೆ. ಹಾಗಾಗಿ ಪ್ರತಿ ದಿನದ ಕೊನೆಗೂ ಒಂದೇ ಮಾತು: ಮಗ್ರಿಬ್ ತನಕ ಓಡಿಸು, ಮಗ್ರಿಬ್‌ಗೆ ನಿಲ್ಲಿಸು.

ಕೊನೆಯ ಹಾಳೆಯಲ್ಲಿ ಮಾತ್ರ ಒಂದು ಸಾಲು ಹೆಚ್ಚು ಬರೆದೆ. ‘ಇಲ್ಲಿ ಮಧ್ಯರಾತ್ರಿಯಲ್ಲೂ ಸೂರ್ಯ ಕಾಣುತ್ತದೆ ಕಾಕ. ನನ್ನ ಪಾಲಿನದನ್ನೂ ನೋಡಿ ಬಾ.’

ಅಬ್ದುಲ್ ನಾಸಿರ್ ಪುತ್ತಿಗೆಯವರು, ದುಬೈಯಲ್ಲಿ ಅಣ್ಣನ ಕೋಣೆಯಲ್ಲೇ ಇರುವವರು. ಅವರು ಬೊಂಬಾಯಿ ಬಸ್ಸು ಹತ್ತುವ ದಿನ ನಾನೂ ಅಜ್ಜಿಯೂ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿಗೆ ಹೋದೆವು. ಅಜ್ಜಿಯ ಮಡಿಲಿನಲ್ಲಿ ಮೊಮ್ಮಗನಿಗೆಂದು ಮಾಡಿದ ಹಲಸಿನ ಹಪ್ಪಳದ ಕಟ್ಟು. ನಾಸಿರಾಕ ಹಗ್ಗ ಬಿಗಿದ ಸೂಟ್‌ಕೇಸಿನ ಮೇಲೆ ಕೂತು ಹಾಳೆಗಳನ್ನು ಮಗುಚುತ್ತಿದ್ದರು.

“ಅಬ್ಬಾ, ಇಷ್ಟು ನಾನು ಇಡೀ ಶಾಲೆಯಲ್ಲಿ ಬರೆಯಲಿಲ್ಲ. ನಾನು ಬೊಂಬಾಯಿಂದ ವಿಮಾನ ಹತ್ತಿ ಅಲ್ಲಿಗೆ ಮುಟ್ಟುವಾಗ ಅವನು ಹೊರಡಲಿಕ್ಕೆ ತಯಾರಾಗಿರ್ತಾನೆ. ಕೈಗೆ ಕೊಟ್ಟು ಸಲಾಂ ಹೇಳಲಿಕ್ಕೆ ಮಾತ್ರ ಪುರುಸೊತ್ತು.” ಕೊನೆಯ ಹಾಳೆ ಬಂತು. “ಇದೆಂಥದು? ಮಧ್ಯರಾತ್ರಿ ಸೂರ್ಯನಾ? ಹಾಗಾದರೆ ಅಲ್ಲಿನ ಕೋಳಿಗಳ ಗತಿ ಏನು ಮಾರಾಯ್ತಿ? ಕೂಗಿ ಕೂಗಿ ಗಂಟಲೇ ಹೋಗಿರಬೇಕು.”

ನಾನು ನಕ್ಕೆ. ನಗು ಅರ್ಧಕ್ಕೆ ನಿಂತಿತು.

ಆ ಸೂರ್ಯನ ಬಗ್ಗೆ ನನಗೆ ಎಂಟನೇ ಕ್ಲಾಸಿನಿಂದ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದು ಮಾರ್ಕೂ ಪಡೆದಿದ್ದೆ. ಆದರೆ ಅವನು ಶಾಲೆಯ ಸೂರ್ಯ, ಕನ್ನಡ ಪುಸ್ತಕದೊಳಗೆ ಇರುವವನು. ಮಗ್ರಿಬ್‌ನ ಸೂರ್ಯ ನಮ್ಮ ಮಸೀದಿಯ ಹಿಂದೆ ಇಳಿಯುವವನು. ಇಬ್ಬರೂ ಒಬ್ಬನೇ ಎಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

“ನಾಸಿರಾಕ, ಕೊಡಿ ಅದನ್ನು. ತಪ್ಪಾಗಿದೆ. ಮೇಲೆ ಮೇಲೆ ಹೋದ ಹಾಗೆ ಸಂಜೆ ಉದ್ದ ಆಗುತ್ತದೆ. ಆಮೇಲೆ ಸೂರ್ಯ ಮುಳುಗುವುದೇ ಇಲ್ಲ. ಮಗ್ರಿಬ್ ಆಗದಿದ್ದರೆ ಕಾಕ ನಿಲ್ಲಿಸುವುದಿಲ್ಲ!”

ನಾಸಿರಾಕ ನಗಲಿಲ್ಲ. ಅವರಿಗೂ ಅಣ್ಣನ ಗುಣ ಗೊತ್ತಿತ್ತು. ನಿದ್ದೆಯಿಲ್ಲದ ಅಣ್ಣ, ಹಿಂದಿನ ಸೀಟಿನಲ್ಲಿ ಮಲಗಿದ ಆ ಮಕ್ಕಳು, ಮುಗಿಯದ ಹಗಲು. ನೂಲಿನ ಹಾಗೆ ಬಳುಕುತ್ತಾ ಹೋಗುವ ಆ ರಸ್ತೆ ನನ್ನ ಕಣ್ಣ ಮುಂದೆ ಬಂತು. ಅದನ್ನು ಹಾಸಿದವಳು ನಾನೇ.

“ಮಗ್ರಿಬ್ ಅಂತ ಬರೆದದ್ದನ್ನು ಹೊಡೆದುಹಾಕಿ ಗಂಟೆ ಬರೆಯುತ್ತೇನೆ. ಸಂಜೆ ಆರಕ್ಕೆ ನಿಲ್ಲಿಸು ಅಂತ,” ಎಂದು ಪೆನ್ನು ತೆಗೆದೆ.

“ಬರಿ. ಆದರೆ ಅರಬಿ ಸುಮ್ಮನಿರ್ತಾರಾ? ಬಿಸಿಲು ಉಂಟಲ್ಲ, ನಡಿ ಅಂತಾರೆ. ತಂಗಿ ಬರೆದ ಗಂಟೆ ಅಂತ ಹೇಳಿ ಅವನು ನಿಲ್ಲಿಸ್ತಾನಾ? ಉಮ್ಮುಮ್ಮನಿಗೆ ಕೊಟ್ಟ ಮಾತು ಅಂದರೆ ನಿಲ್ಲಿಸ್ತಾನೆ. ಅದೊಂದಕ್ಕೆ ಅವನು ಅರಬಿಗೂ ಎದುರು ನಿಲ್ತಾನೆ.”

ಇಬ್ಬರೂ ಅಜ್ಜಿಯ ಕಡೆ ತಿರುಗಿದೆವು.

“ಉಮ್ಮುಮ್ಮ, ಆರು ಗಂಟೆ ಅಂತ ನೀವು ಹೇಳಬೇಕು.”

“ಮಗ್ರಿಬನ್ನು ಬದಲಿಸಲಿಕ್ಕೆ ನಾನು ಯಾರು ಮಗಳೇ?” ಅಜ್ಜಿ ಹಪ್ಪಳದ ಕಟ್ಟನ್ನು ಎದೆಗೆ ಅವಚಿಕೊಂಡರು. “ಅಂಥ ಮಾತು ನನ್ನ ಬಾಯಲ್ಲಿ ಹೇಳಿಸಬೇಡ.”

“ನಮಾಝಿನ ಹೊತ್ತಲ್ಲ ಉಮ್ಮ,” ನಾಸಿರಾಕ ಅವಸರದಿಂದ ಹೇಳಿದರು. “ಅದನ್ನು ನಾನು ಅಲ್ಲಿ ಮಸೀದಿಯ ಉಸ್ತಾದರ ಹತ್ತಿರ ಕೇಳಿ ಅವನಿಗೆ ಹೇಳ್ತೇನೆ. ಗಾಡಿ ನಿಲ್ಲಿಸುವ ಹೊತ್ತು ನೀವು ಹೇಳಿ.”

ಅಷ್ಟರಲ್ಲಿ ಬೊಂಬಾಯಿ ಬಸ್ಸು ಹಾರ್ನು ಹೊಡೆಯುತ್ತಾ ಸ್ಟ್ಯಾಂಡಿನೊಳಗೆ ಬಂತು. ಜನ ಗಂಟುಮೂಟೆ ಎತ್ತಿಕೊಂಡು ಬಾಗಿಲಿಗೆ ಮುಗಿಬಿದ್ದರು. ನಾನು ನೆಲಕ್ಕೆ ಕುಕ್ಕರಿಸಿ, ಸೂಟ್‌ಕೇಸಿನ ಮೇಲೆ ಹಾಳೆ ಹರಡಿ ಹೊಡೆದುಹಾಕುತ್ತಾ, ಬರೆಯುತ್ತಾ ಹೋದೆ. ಮಾಲ್ಮೊ, ಆರು ಗಂಟೆ. ಸ್ಟಾಕ್‌ಹೋಮ್, ಆರು ಗಂಟೆ.

“ಉಮ್ಮುಮ್ಮ, ಅಜ್ಜ ಕತ್ತಲಲ್ಲಿ ಬಿದ್ದರು ಅಂತ ತಾನೇ ನೀವು ಈ ಕಾನೂನು ಮಾಡಿದ್ದು? ಇವನು ಬೆಳಕಲ್ಲಿ ಬೀಳ್ತಾನೆ! ಒಂದು ಮಾತು ಹೇಳಿ!”

ಆ ಮಾತು ಬಾಯಿಂದ ಬಂದದ್ದಕ್ಕೆ ನನಗೇ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಅಜ್ಜಿ ನನ್ನ ಕಡೆ ಬಗ್ಗಿದರು.

“ಕತ್ತಲಲ್ಲಿ ಅಂತ ಯಾರು ಹೇಳಿದ್ದು ನಿನಗೆ?” ಎಂದರು ಮೆಲ್ಲಗೆ. “ಅವರು ಬಿದ್ದದ್ದು ಸುಬಹಿ ಕಳೆದ ಮೇಲೆ. ಚೆಂದದ ಬಿಸಿಲು ಬಂದಿತ್ತು. ಇಡೀ ರಾತ್ರಿ ಓಡಿಸಿದ್ದರು. ಬೆಳಕಾಯಿತಲ್ಲ, ಇನ್ನು ಹೆದರಿಕೆ ಇಲ್ಲ ಅಂತ ಕ್ಲೀನರನ್ನು ಮಲಗಲಿಕ್ಕೆ ಹೇಳಿ, ತಾವೂ ಕೂತಲ್ಲೇ ನಿದ್ದೆಗೆ ಹೋದದ್ದು.”

ನನ್ನ ಪೆನ್ನು ನಿಂತಿತು.

“ಏನು ಮಾರಾಯ್ರೆ,” ಕಂಡಕ್ಟರ್ ಬಾಗಿಲಿನಿಂದ ಕೂಗಿದ, “ನೀವು ಬೊಂಬಾಯಿಗೆ ಹೋಗುದಾ, ಇಲ್ಲಿ ಪರೀಕ್ಷೆ ಬರೆಯುದಾ?”

“ಒಂದು ನಿಮಿಷ ಅಣ್ಣ, ಈಗ ಬಂದೆ!” ನಾಸಿರಾಕ ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು ನಿಂತರು.

“ಕೊಡು ಆ ಪೆನ್ನು,” ಎಂದರು ಅಜ್ಜಿ.

ಅಜ್ಜಿಗೆ ಕನ್ನಡ ಬರೆಯಲು ಬಾರದು. ಮದ್ರಸದಲ್ಲಿ ಕಲಿತ ಅರಬಿ ಅಕ್ಷರ ಬರುತ್ತದೆ. ಅದರಲ್ಲೇ ನಮ್ಮ ಬ್ಯಾರಿ ಮಾತನ್ನು ಬರೆಯುತ್ತಾರೆ. ಅಣ್ಣನಿಗೂ ನನಗೂ ಅದನ್ನು ಕಲಿಸಿದವರು ಅವರೇ. ಮಾಲ್ಮೊದ ಹಾಳೆಯ ಕೆಳಗೆ, ನಾನು ಬರೆದ ಗಂಟೆಯ ಪಕ್ಕದಲ್ಲಿ, ಬಲದಿಂದ ಎಡಕ್ಕೆ ದಪ್ಪ ಅಕ್ಷರದಲ್ಲಿ ಬರೆದರು: ಮುನವ್ವರ್, ಬೆಳಕಿದ್ದರೂ ನಿಲ್ಲಿಸು. ಮಲಗು. ಸೈನಬ.

“ಎಲ್ಲ ಹಾಳೆಗೂ ಬೇಕಾ?”

“ಬೇಕು ಉಮ್ಮ,” ಎಂದರು ನಾಸಿರಾಕ. “ಒಂದಕ್ಕೆ ಮಾತ್ರ ಹಾಕಿದರೆ ಅವನು ಒಂದೇ ದಿನ ಮಲಗುವುದು.”

ಈ ಸಲ ನಗಲು ಪುರುಸೊತ್ತಿರಲಿಲ್ಲ. ಪೆನ್ನು ಒಂದೇ. ನಾನು ಗಂಟೆ ಬರೆದು ಕೊಡುತ್ತಿದ್ದೆ, ಅಜ್ಜಿ ಹೆಸರು ಹಾಕಿ ಪೆನ್ನು ಹಿಂದಿರುಗಿಸುತ್ತಿದ್ದರು. ಕ್ಲೀನರ್ ನನ್ನ ಕೈಯಡಿಯಿಂದಲೇ ಸೂಟ್‌ಕೇಸನ್ನು ಎಳೆದುಕೊಂಡು ಟಾಪಿಗೆ ಏರಿಸಿದ. ಉಳಿದ ಹಾಳೆಗಳನ್ನು ಅಜ್ಜಿಯ ಹಪ್ಪಳದ ಕಟ್ಟಿನ ಮೇಲಿಟ್ಟುಕೊಂಡು ಬರೆದೆವು. ಒಳಗೆ ಒಂದೊಂದೇ ಹಪ್ಪಳ ಚಟಚಟನೆ ಮುರಿಯುವುದು ಕೇಳಿಸುತ್ತಿತ್ತು. ಅಜ್ಜಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಲುಲಿಯೊ ಆಯಿತು. ಫಿನ್ಲೆಂಡ್ ಆಯಿತು. ನಾಸಿರಾಕ ಬರೆದಾದ ಹಾಳೆಗಳನ್ನೂ ಮುರಿದ ಹಪ್ಪಳವನ್ನೂ ಎತ್ತಿಕೊಂಡು ಒಳಗೆ ಹೋದರು.

ನಾರ್ವೆಯ ತುದಿಯ ಹಾಳೆ ಒಂದೇ ಉಳಿದಿತ್ತು. ಬಸ್ಸು ಹೊರಟಿತು.

ಅಜ್ಜಿ ನನ್ನ ಬೆನ್ನನ್ನು ಬಗ್ಗಿಸಿ, ಅದರ ಮೇಲೆ ಹಾಳೆಯಿಟ್ಟು ಬರೆದರು. ಪೆನ್ನಿನ ಮೊನೆ ಅಂಗಿಯ ಮೇಲಿಂದ ಚುಚ್ಚುತ್ತಿತ್ತು. “ಆಯಿತು, ಓಡು!” ಎಂದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸುವ ಹೆಂಗಸಿನ ಹಾಗೆ ದುಪಟ್ಟಾವನ್ನು ಬಿಗಿದು ಬಸ್ಸಿನ ಪಕ್ಕದಲ್ಲೇ ಓಡಿದೆ. ಬಸ್ಸು ರಸ್ತೆಗೆ ತಿರುಗಲು ನಿಧಾನಿಸಿತು. ಕಿಟಕಿಯಿಂದ ನಾಸಿರಾಕನ ಕೈ ಹೊರಗೆ ಬಂತು. ಹಾಳೆಯ ತುದಿ ಅವರ ಬೆರಳಿಗೆ ತಾಗಿತು, ಜಾರಿತು, ಮತ್ತೆ ತಾಗಿತು. ಅವರು ಅದನ್ನು ಹಿಡಿದು ಒಳಗೆ ಎಳೆದುಕೊಂಡರು.