ಕಪ್ಪಾದ ಬೆಳ್ಳಿ

"ಈ ಕರಡಿಗೆ ತಿಕ್ಕಿ ಎಷ್ಟು ದಿನ ಆತ್ರಿ?" ಶೈಲಜಾ ಮೇಡಂ ಕೇಳಿದರು.

ದೊಡ್ಡಬಸಪ್ಪನಿಗೆ ನಾಚಿಕೆಯಾಯಿತು. ಕೊರಳ ಲಿಂಗದ ಬೆಳ್ಳಿ ಕರಡಿಗೆ ಅಂಗಿಯಿಂದ ಹೊರಗೆ ಜಾರಿ, ಒಲೆಯಿಂದ ಹೆಕ್ಕಿ ತಂದಂತೆ ಕಪ್ಪಗೆ ನೇತಾಡುತ್ತಿತ್ತು. ಬಳ್ಳಾರಿಯಿಂದ ಬಂದ ಇಂಜಿನಿಯರಮ್ಮ, ಸಿರುಗುಪ್ಪದ ಈ ಚರಂಡಿ ಪಂಪ್‌ಹೌಸಿಗೆ ಕಾಲಿಟ್ಟು ಹತ್ತು ನಿಮಿಷವಾಗಿಲ್ಲ, ಮೋಟಾರು ನೋಡುವುದು ಬಿಟ್ಟು ಆಪರೇಟರನ ಕೊರಳು ನೋಡುತ್ತಾರಲ್ಲ!

"ನಿನ್ನಿ ಪೂಜಿ ಹೊತ್ತಿಗೆ ವಿಭೂತಿ ಹಚ್ಚಿ ತಿಕ್ಕೀನ್ರಿ. ಮದ್ಲು ತಿಂಗ್ಳಿಗೊಮ್ಮಿ ತಿಕ್ಕಿದ್ರ ಸಾಕಿತ್ತು. ಈಗ ಸಂಜಿ ಆಗೋದ್ರಾಗ ಕರ್ರಗಾಗ್ತೈತಿ. ಬೆಳ್ಳೀನ ಖೋಟಾ ಐತ್ರಿ."

ಖೋಟಾ ಎಂದೇ, ಕರಡಿಗೆ ಕೊಂಡಿದ್ದ ಗಾಂಧಿನಗರದ ಬೆಳ್ಳಿ ಅಂಗಡಿಗೆ ಹೋಗಿ ಅಲ್ಲಿನ ಮುದುಕನ ಜನ್ಮ ಜಾಲಾಡಿ ಬಂದಿದ್ದ. ಪಂಪ್‌ಹೌಸಿಗೆ ಅಂಟಿದ ಕೋಣೆಯಲ್ಲೇ ಅವರ ಸಂಸಾರ; ಹೆಂಡತಿ ಎರ್ರಮ್ಮನ ಬೆಳ್ಳಿ ಕಾಲುಂಗುರವೂ ಕಪ್ಪಾದಾಗ, ಹೆಣ್ಣಾಗಿ ಒಂದಿಷ್ಟು ಚೊಕ್ಕಟ ಬೇಡವೇ ಎಂದು ಅವಳನ್ನೂ ಬೈದಿದ್ದ.

ಮೇಡಂ ಟಾರ್ಚು, ತುದಿ ಮೇಲಕ್ಕೆ ಬಾಗಿದ ಉದ್ದನೆಯ ಸಲಾಕೆ ತರಿಸಿದರು. ಹೊಲಸು ನೀರು ಬಂದು ತುಂಬುವ ಬಾವಿಗೆ ಪಂಪ್‌ಹೌಸಿನ ಹಿಂದೆ ಒಂದು ಮುಚ್ಚಳವಿತ್ತು. ಅದನ್ನು ತೆಗೆಸಿ, ಮೂಗು ಮುಚ್ಚಿ, ದೂರದಿಂದಲೇ ಬಾಗಿ, ಬಾವಿಯ ಕಾಂಕ್ರೀಟು ಛಾವಣಿಯ ಅಡಿಭಾಗಕ್ಕೆ ಕೆಳಗಿನಿಂದ ಸಲಾಕೆಯ ತುದಿ ಚುಚ್ಚಿದರು. ಟಣ್ ಎನ್ನಬೇಕಿತ್ತು. ಸದ್ದಿಲ್ಲದೆ ನಾಲ್ಕು ಬೆರಳು ಒಳಗೆ ಹೋಯಿತು. ಹೊರಗೆಳೆದರೆ ತುದಿಗೆ ನೆನೆಸಿದ ಸುಣ್ಣದಂಥ ಬಿಳಿ ಮುದ್ದೆ.

"ಇದು ಸಿಮೆಂಟೇನ್ರಿ?"

"ಆಗಿತ್ತು. ನಿಮ್ಮ ಬೆಳ್ಳಿ ಖೋಟಾ ಅಲ್ಲ. ಹೊಲಸಿನಿಂದ ಏಳೋ ಗಾಳಿ ಅದನ್ನ ಕರ್ರಗ ಮಾಡೈತಿ. ಅದ ಗಾಳಿ ಛಾವಣಿ ತೇವಕ್ಕ ಹತ್ತಿದ್ರ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಸಿಡ್ ಮಾಡ್ತಾವ. ಆಸಿಡ್ ಸಿಮೆಂಟ್ ತಿಂತೈತಿ. ಮ್ಯಾಲಿಂದ ನೋಡಿದ್ರ ಏನೂ ಗೊತ್ತಾಗಂಗಿಲ್ಲ. ಮ್ಯಾಲೆ ಯಾರೂ ಹತ್ತಂಗಿಲ್ಲ ಹೌದಲ್ರಿ?"

ದೊಡ್ಡಬಸಪ್ಪನ ಜೀವ ಬಾಯಿಗೆ ಬಂತು. ಪಂಪ್‌ಹೌಸಿನ ಆಚೆ ಮಗ್ಗುಲಿಗೆ, ನೆಲದಿಂದ ಗೇಣೆತ್ತರದ ಅದೇ ಛಾವಣಿಯ ಮೇಲೆ, ಎರ್ರಮ್ಮ ಭತ್ತ ಒಣಹಾಕಿದ್ದಳು. ಬಿಸಿಲು ಚೆನ್ನಾಗಿ ಬೀಳುತ್ತದೆ, ಆನೆ ನಿಂತರೂ ಅಲ್ಲಾಡುವುದಿಲ್ಲ ಎಂದು ಆ ಜಾಗ ತೋರಿಸಿಕೊಟ್ಟ ಪುಣ್ಯಾತ್ಮ ಇವನೇ.

ಗೋಡೆ ಬಳಸಿ ಇಬ್ಬರೂ ಓಡಿದರು; ಮೇಡಂ ಕೈಯಲ್ಲಿ ಸಲಾಕೆ ಹಾಗೇ ಇತ್ತು. ಎರ್ರಮ್ಮ ನಟ್ಟನಡುವೆ, ಬರಿಗಾಲಲ್ಲಿ ಭತ್ತ ಕೆದರುತ್ತ ಸಾಲು ಎಳೆಯುತ್ತಿದ್ದಳು. ದೊಡ್ಡಬಸಪ್ಪ ಕೂಗಲು ಬಾಯಿ ತೆರೆದಾಗ ಮೇಡಂ ತೋಳು ಹಿಡಿದರು. "ಗಾಬರಿ ಮಾಡಬ್ಯಾಡ್ರಿ. ಓಡಿದ್ರ ಕಷ್ಟ. ಮೆಲ್ಲಗ ಬರ್ಲಿ."

"ಎರ್ರಮ್ಮ," ಎಂದ. ಆ ದನಿ ಅವನದೇ ಎಂದು ಅವನಿಗೇ ಗುರುತು ಸಿಗಲಿಲ್ಲ. "ಮೇಡಂ ಬಂದಾರ. ಚಾ ಇಡು ಬಾ."

"ಬಂದೆ. ಎರಡು ಸಾಲು ಉಳದಾವ."

ಹೇಳಿದವಳೇ ತಿರುಗಿ ಆ ತುದಿಯವರೆಗೆ ಕಾಲೆಳೆದುಕೊಂಡು ಹೋದಳು. ಅವಳ ಒಂದೊಂದು ಹೆಜ್ಜೆಯನ್ನೂ ಇವನು ಎಣಿಸುತ್ತಿದ್ದ. ಹೋಗಿ ಎಳೆದು ತರೋಣವೆಂದರೆ ಇವನ ಭಾರವೂ ಸೇರುತ್ತದೆ.

"ಇನ್ನೊಂದು ಸಾಲು ಇರ್ಲಿ ಬಿಡು. ನಿನಗ ಕೈ ಮುಗಿತೀನಿ, ಮೆಲ್ಲಗ ಬಾ."

ಎರ್ರಮ್ಮ ತಲೆ ಎತ್ತಿದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಗದರಿ ಕರೆದದ್ದುಂಟು, ಕೈ ಮುಗಿದು ಕರೆದದ್ದಿಲ್ಲ. ಅವನ ಮುಖವನ್ನೇ ನೋಡುತ್ತ ಬಂದಳು. ಅಂಚಿಗೆ ಬಂದವಳು ನಿಂತು, "ಚಪ್ಲಿ ಅಲ್ಲೇ ಉಳದ್ವು" ಎಂದು ಹಿಂದಕ್ಕೆ ತಿರುಗಿದಳು.

"ಬ್ಯಾಡ."

ಅವಳ ಕಾಲು ಮಣ್ಣಿಗೆ ಬಿದ್ದದ್ದೇ ತಡ, ಮೇಡಂ ಎದುರಿಗಿದ್ದಾರೆಂಬುದನ್ನೂ ಮರೆತು ಅವಳ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡ. "ಏನಾಗೈತ್ರಿ ನಿಮಗ?" ಎಂದು ಕೇಳಿದಳು. ಅವನು ಕೈ ಬಿಡಲಿಲ್ಲ. ಮೇಡಂ ಸಲಾಕೆಯ ತುದಿ ತೋರಿಸಿ ಎಲ್ಲ ಹೇಳಿದರು. ಕೇಳುತ್ತ ಕೇಳುತ್ತ ಎರ್ರಮ್ಮ ಅಲ್ಲೇ ಮಣ್ಣಿನ ಮೇಲೆ ಕುಳಿತಳು.

ದೊಡ್ಡಬಸಪ್ಪ ಅವಳ ಪಾದಗಳನ್ನೇ ನೋಡುತ್ತಿದ್ದ. ಭತ್ತದ ಧೂಳಿನ ನಡುವೆ ಕಾಲುಂಗುರಗಳು ಇದ್ದಿಲಿನಂತೆ ಕಪ್ಪಗಿದ್ದವು. ಅವನು ನೋಡುತ್ತಿರುವುದು ಕಂಡದ್ದೇ ಅವಳು ಸೀರೆಯ ಅಂಚು ಕೆಳಗೆಳೆದುಕೊಂಡಳು.

"ಇವತ್ತು ಹುಣಸೆಹಣ್ಣು ಹಚ್ಚಿ ತಿಕ್ತೀನ್ರಿ."

"ತಿಕ್ಕಬ್ಯಾಡ," ಎಂದ ಅವನು. "ಹಂಗ ಇರ್ಲಿ."

ಛಾವಣಿಯ ಮೇಲೆ, ಉಳಿದ ಒಂದು ಸಾಲಿನ ಆಚೆ, ಅವಳ ಚಪ್ಪಲಿ ಬಿಸಿಲಿಗೆ ಬಿದ್ದಿದ್ದವು.