ಅಳುವ ಮಟ್ಟು

ಆಂಬುಲೆನ್ಸಿನ ಹಿಂಬಾಗಿಲಿಂದ ಕೆಂಚಮ್ಮನನ್ನು ಇಳಿಸುತ್ತಿದ್ದಾಗ ಕೇರಿಯ ಹೆಂಗಸರು ಹೆಣ ನೋಡುವುದು ಬಿಟ್ಟು ದುರುಗಮ್ಮನ ಬಾಯಿ ನೋಡುತ್ತಿದ್ದರು. ದುರುಗಮ್ಮ ಸತ್ತವಳ ಒಡಹುಟ್ಟಿದ ಅಕ್ಕ. ಅದಕ್ಕೂ ಮಿಗಿಲಾಗಿ, ಬಿಳಿಚೋಡಿನ ಸುತ್ತ ಹತ್ತು ಹಳ್ಳಿಗೆ ಹೆಸರಾದ ಅಳುವಾಕೆ. ಸಾವಿನ ಮನೆಯಲ್ಲಿ ಅವಳು ಬಾಯಿ ತೆಗೆದರೆ ಆಸ್ತಿಗಾಗಿ ಬಡಿದಾಡಿಕೊಂಡ ದಾಯಾದಿಗಳೂ ತಬ್ಬಿಕೊಂಡು ಗೊಳೋ ಎನ್ನುತ್ತಿದ್ದರು. ಆ ಬಾಯಿ ಈವತ್ತು ಬೀಗ ಜಡಿದುಕೊಂಡಿತ್ತು.

"ತಲೆ ಜ್ವಾಕೆ ಕಣ್ರಪ್ಪಾ, ಸಾವಕಾಶ ಇಳಿಸ್ರಿ," ಎನ್ನುತ್ತಾ ದುರುಗಮ್ಮನ ಮಗ ಭೀಮೇಶ್ ಚಿಕ್ಕಮ್ಮನ ಹೆಗಲು ಹಿಡಿದುಕೊಂಡಿದ್ದ.

ಕೆಂಚಮ್ಮನನ್ನು ಜಗುಲಿಯ ಗೋಡೆಗೆ ಒರಗಿಸಿ ಕೂಡಿಸಿದರು. ಮದುವೆಯಾದವಳಲ್ಲ, ಹೊನ್ನಾಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದವಳು. ದಾವಣಗೆರೆಯ ಆಸ್ಪತ್ರೆಯಲ್ಲಿ ಕಿಡ್ನಿ ಕೈಕೊಟ್ಟು ತೀರಿಕೊಂಡ ಮೇಲೆ ತರಲು ತವರೊಂದೇ ಇದ್ದದ್ದು. ಗದ್ದ ಸೇರಿಸಿ ನೆತ್ತಿಗೆ ಬಟ್ಟೆ ಬಿಗಿದಿದ್ದರೂ ಅದು ಸಡಿಲವಾಗಿ ಬಾಯಿ ತುಸು ತೆರೆದುಕೊಂಡೇ ಇತ್ತು. ಪಲ್ಲವಿ ಮುಗಿಸಿ ಚರಣಕ್ಕೆ ಉಸಿರು ತೆಗೆದುಕೊಂಡವಳ ಹಾಗೆ ಕಾಣುತ್ತಿದ್ದಳು. ಭೀಮೇಶ್ ಎರಡು ಸಲ ಬಿಗಿದು ಕಟ್ಟಿದ. ಎರಡು ಸಲವೂ ಬಟ್ಟೆ ಜಾರಿತು. ಮೂರನೆಯ ಸಲ ಕಟ್ಟಲು ಅವನಿಗೆ ಮನಸ್ಸು ಬರಲಿಲ್ಲ.

ಆ ಕೇರಿಯಲ್ಲಿ ಹೆಣದ ಮುಂದೆ ಬರಿದೇ ಅಳುವಂತಿಲ್ಲ, ಹಾಡಿ ಅಳಬೇಕು. ಸತ್ತವರನ್ನು ಹೆಸರು ಹಿಡಿದು ಕರೆದು, ಅವರು ದುಡಿದದ್ದು, ಉಂಡದ್ದು, ಆಸೆಪಟ್ಟು ಬಿಟ್ಟುಹೋದದ್ದು ಎಲ್ಲವನ್ನೂ ಒಂದು ಮಟ್ಟಿನಲ್ಲಿ ಹೇಳಬೇಕು. ಒಡಹುಟ್ಟಿದವಳೋ ಹೆತ್ತ ಮಗಳೋ ಅತ್ತರೆ ಹೋದವರಿಗೆ ದಾರಿ ಸಲೀಸು. ಹಾಡಿ ಅಳದೆ ಕಳಿಸಿದರೆ ಅವರು ಹೊಸ್ತಿಲಲ್ಲೇ ಕೂತು, ಯಾರಾದರೂ ತಮ್ಮ ಹೆಸರು ಕರೆಯಲಿ ಎಂದು ಕಾಯುತ್ತಾರಂತೆ. ಇದನ್ನು ನಂಬುವುದಿಲ್ಲ ಎಂದು ಟೀ ಅಂಗಡಿಯಲ್ಲಿ ವಾದ ಮಾಡುವವರು ಬೇಕಾದಷ್ಟು ಜನ ಇದ್ದರು. ತಮ್ಮ ಮನೆಯ ಹೆಣಕ್ಕೆ ಹಾಡಿ ಅಳಿಸದೆ ಕಳಿಸಿದ ಗಂಡು ಒಬ್ಬನೂ ಇರಲಿಲ್ಲ.

ಕೇರಿಯ ಹಿರಿಯ ಚಿಕ್ಕಹನುಮಂತಪ್ಪ ಬಂದು ದುರುಗಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತ.

"ದುರುಗವ್ವ, ಗುಂಡಿ ತೆಗೆದಾತು. ಹೊತ್ತು ಇಳಿಯಾಕೆ ಬಂತು. ನೀನು ನಾಕು ಸೊಲ್ಲು ಅತ್ರೆ ಎತ್ತಿಬಿಡ್ತೀವಿ."

"ನನ್ನ ಕೈಲಿ ಆಗಲ್ಲ ಮಾವ."

"ಸತ್ತವಳ ಮ್ಯಾಲೆ ಇನ್ನೂ ಏನವ್ವ ಸಿಟ್ಟು?"

"ಸಿಟ್ಟಲ್ಲ. ಅಳಾಕೆ ನನ್ನತ್ರ ಏನೈತೆ? ಇದ್ದಿದ್ದನ್ನ ಅವಳೇ ತಗಂಡು ಹೋದಳು."

ದುರುಗಮ್ಮ ಅರ್ಧ ಮಾತು ಮಾತ್ರ ಹೇಳಿದ್ದಳು. ಉಳಿದರ್ಧ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು: ಇವಳನ್ನು ಕೊಂದದ್ದು ನನ್ನ ಅಳು.

*

ಕೆಂಚಮ್ಮ ಚಿಕ್ಕ ವಯಸ್ಸಿನಲ್ಲೇ ಚನ್ನಗಿರಿಯ ಆರ್ಕೆಸ್ಟ್ರಾ ಸೇರಿ 'ಗಾಯಕಿ ರಕ್ಷಾ' ಆದವಳು. ಗಣಪತಿ ಕೂಡಿಸುವ ಕಾಲ ಬಂತೆಂದರೆ ಹೊನ್ನಾಳಿ, ನ್ಯಾಮತಿ, ಬಸವಾಪಟ್ಟಣ, ಎಲ್ಲ ಕಡೆಯೂ ಅವಳದೇ ರಸಮಂಜರಿ. ಮಿಣಿಮಿಣಿ ಬಟ್ಟೆ ತೊಟ್ಟು ಕುಣಿತದ ಹಾಡು ಎತ್ತಿಕೊಂಡರೆ ಹುಡುಗರು ಶಿಳ್ಳೆ ಹೊಡೆದು ಕಂಬ ಹತ್ತುತ್ತಿದ್ದರು. ಮೆಲ್ಲನೆಯದು ಒಂದು ಹಾಡುತ್ತೇನೆ ಎಂದರೆ ಸಂಘಟಕರು ಚೀಟಿ ಕಳಿಸುತ್ತಿದ್ದರು, ಜನ ಎದ್ದು ಹೋಗ್ತಾರೆ ಮೇಡಂ ಎಂದು. ನಲವತ್ತು ದಾಟಿದ ಮೇಲೆ ಮಂಡಿ ನೋಯತೊಡಗಿತು. ಕಂಠವೂ ಇಳಿಯಿತು. ಇಳಿದ ಕಂಠ ಮೊದಲಿಗಿಂತ ಚೆನ್ನಾಗಿತ್ತು, ಆದರೆ ಅದಕ್ಕೆ ತಕ್ಕ ಹಾಡು ಅವಳ ಬಳಿ ಇರಲಿಲ್ಲ.

ಆಗಿನ ಒಂದು ಬೇಸಿಗೆಯ ಮಧ್ಯಾಹ್ನ ಬಸ್ಸಿಳಿದು ಬಂದು ಅಕ್ಕನ ಅಡಿಗೆಮನೆಯಲ್ಲಿ ಕೂತಳು.

"ಅಕ್ಕಾ, ಅವ್ವನ ಮಟ್ಟು ಒಂದು ಸಲ ಅಳು."

"ಬಿಡ್ತು ಅನ್ನು. ಯಾರು ಸತ್ತಾರೆ ಈಗ?"

"ಯಾರೂ ಸತ್ತಿಲ್ಲ. ಅವ್ವ ಹೋದಾಗ ಅತ್ತಿದ್ದು ಪೂರ್ತಿ ನೆನಪಾಗ್ತಿಲ್ಲ. ಕೇಳಬೇಕು ಅನಿಸ್ತೈತೆ."

ತಾಯಿಯಿಂದ ಮಗಳಿಗೆ ಬರುವ ಮಟ್ಟು ಅದು. ಹಿರಿಯಳೆಂದು ದುರುಗಮ್ಮನಿಗೆ ಬಂದಿತ್ತು. ಹೆಣವಿಲ್ಲದ ಮನೆಯಲ್ಲಿ ಅದನ್ನು ಎತ್ತಬಾರದು. ಎತ್ತಿದರೆ ಅಳು ಹೆಣ ಹುಡುಕಿಕೊಂಡು ಹೊರಡುತ್ತದೆ ಎಂದು ಅವ್ವ ತಾನೇ ಹೇಳಿದ್ದಳು. ಹೊಲದಲ್ಲಿ ಕೂಡ ಗುನುಗಲು ಬಿಟ್ಟವಳಲ್ಲ. ಆದರೆ ಕೆಂಚಿ ಕೇಳಿದ್ದಕ್ಕೆ ಇಲ್ಲ ಎಂದು ದುರುಗಮ್ಮನಿಗೆ ಅಭ್ಯಾಸವಿರಲಿಲ್ಲ. ಬಾಗಿಲು ಮುಂದಕ್ಕೆ ಹಾಕಿ, ಸೆರಗು ಬಾಯಿಗೆ ಅಡ್ಡ ಹಿಡಿದು, ಯಾರ ಹೆಸರೂ ಕರೆಯದೆ ಮಟ್ಟನ್ನಷ್ಟೇ ಸಣ್ಣಗೆ ಅತ್ತಳು. ಕೆಂಚಿ ಕಣ್ಣು ಮುಚ್ಚಿ ಕೇಳಿದಳು. ಅಳು ಮುಗಿದ ಮೇಲೆ ಮುಂದಕ್ಕೆ ಹಾಕಿದ್ದ ಬಾಗಿಲು ಪೂರಾ ತೆರೆದುಕೊಂಡಿತ್ತು. ಗಾಳಿ ಇರಬೇಕು ಎಂದುಕೊಂಡರು. ಅಂಗಳದಲ್ಲಿ ಒಣಹಾಕಿದ್ದ ಸೀರೆಯ ಸೆರಗು ಅಲುಗುತ್ತಿರಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ರಕ್ಷಾಳ ಆಲ್ಬಂ ಬಂತು: 'ಹೊತ್ತು ಇಳಿದ ಮೇಲೆ'. ಎಲ್ಲ ತಣ್ಣನೆಯ ಪ್ರೇಮದ ಹಾಡುಗಳು. ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ತುಂಬಿ ತುಂಬಿ ಕೊಟ್ಟರು. ಊಟದ ಹೊತ್ತಿಗೆ ಹಿತವಾಗಿರುತ್ತದೆ ಎಂದು ಕಲ್ಯಾಣ ಮಂಟಪದವರು ಹಾಕತೊಡಗಿದರು.

ದುರುಗಮ್ಮ ಅದನ್ನು ಮೊದಲು ಕೇಳಿದ್ದು ಬಸವಾಪಟ್ಟಣದ ಒಂದು ಮದುವೆಯಲ್ಲಿ, ಎಲೆಯ ಮುಂದೆ. ಹೋಳಿಗೆ ಮುರಿದು ತುಪ್ಪಕ್ಕೆ ಅದ್ದಿದ್ದಳು. ತಲೆಯ ಮೇಲಿನ ಸ್ಪೀಕರಿನಲ್ಲಿ ಅವ್ವನ ಮಟ್ಟು ಶುರುವಾಯಿತು. ಮಾತು ಬೇರೆ, ನಲ್ಲ, ಬೆಳದಿಂಗಳು ಎಂದೇನೋ. ಮಟ್ಟು ಮಾತ್ರ ಅದೇ. ಸಾಲಾಗಿ ಕೂತ ಜನ ಸಾವಿನ ಅಳುವಿಗೆ ತಲೆದೂಗುತ್ತಾ ಅನ್ನ ಕಲಸುತ್ತಿದ್ದರು. ಮದುಮಗಳು ನಗುತ್ತಾ ಮದುಮಗನ ಬಾಯಿಗೆ ತುತ್ತಿಡುತ್ತಿದ್ದಳು. ದುರುಗಮ್ಮ ಉಣ್ಣುವ ಎಲೆ ಬಿಟ್ಟು ಎದ್ದಳು. ಬಸ್ ಸ್ಟ್ಯಾಂಡಿನಿಂದಲೇ ಫೋನ್ ಹಚ್ಚಿಸಿದಳು.

"ಮದುವೆ ಊಟಕ್ಕೆ ಅವ್ವನ ಹೆಣ ಬಡಿಸ್ತೀಯೇನೇ?"

"ಅಕ್ಕಾ, ಪೂರ್ತಿ ಕೇಳಿದ್ಯಾ? ಕೊನೆ ಹಾಡು..."

ದುರುಗಮ್ಮ ಫೋನ್ ಇಟ್ಟಳು. ಆಮೇಲೆ ವರ್ಷಗಟ್ಟಲೆ ಮಾತಾಡಲಿಲ್ಲ. ತಂಗಿ ಹೊಸ್ತಿಲವರೆಗೆ ಬಂದರೂ ಒಳಗೆ ಕರೆಯಲಿಲ್ಲ. ಇಂಥ ಹಟ ಮಾಡುವಾಗ ಹಿತವಾಗಿಯೇ ಇರುತ್ತದೆ.

ಅವಳ ಅಳುವಿನ ಕಸುಬೂ ಅಲ್ಲಿಗೆ ಕೆಟ್ಟಿತು. ಜಗಳೂರಿನಲ್ಲಿ ಒಂದು ಸಾವಿಗೆ ಹೋಗಿ ಬಾಯಿ ತೆಗೆದರೆ, ಸತ್ತವರ ಮೊಮ್ಮಗಳೇ ಖುಷಿಯಿಂದ "ಏ, ರಕ್ಷಾ ಹಾಡು!" ಎಂದುಬಿಟ್ಟಳು. ಅಂದಿನಿಂದ ದುರುಗಮ್ಮ ಎಲ್ಲೂ ಅತ್ತಿರಲಿಲ್ಲ.

*

"ಇವಳು ಅಳದಿದ್ರೆ ಬಿಡ್ರಿ, ನಾನು ಅಳ್ತೀನಿ," ಎಂದು ಪಕ್ಕದ ಮನೆಯ ಹನುಮಂತಮ್ಮ ಸೆರಗು ಸಿಕ್ಕಿಸಿಕೊಂಡು ಜಗುಲಿ ಹತ್ತಿದಳು. ಕಣ್ಣಿಗೆ ಪೊರೆ ಬಂದ ಮುದುಕಿ. ಗಂಟಲು ಸರಿಮಾಡಿಕೊಂಡು, ದುರುಗಮ್ಮನ ಬಾಯಲ್ಲಿ ಕೇಳಿ ಕೇಳಿ ಬಂದಿದ್ದ ಆ ಮಟ್ಟಿನಲ್ಲೇ ಒಂದು ಸೊಲ್ಲು ಎತ್ತಿದಳು.

ಶಾಮಿಯಾನದ ಕೆಳಗೆ ಹೊನ್ನಾಳಿ, ನ್ಯಾಮತಿ ಕಡೆಯಿಂದ ಬಂದಿದ್ದ ಅಭಿಮಾನಿ ಹೆಂಗಸರು ಕೂತಿದ್ದರು. ಮಟ್ಟು ಕಿವಿಗೆ ಬಿದ್ದದ್ದೇ ಅವರು ತಮಗೇ ಗೊತ್ತಿಲ್ಲದೆ ಮುಂದಿನ ಸೊಲ್ಲನ್ನು ಆಲ್ಬಮ್ಮಿನ ಮಾತಿನಲ್ಲಿ, ಶ್ರುತಿ ಹಿಡಿದು ಚೆಂದವಾಗಿ ಹಾಡಿಬಿಟ್ಟರು. ಹನುಮಂತಮ್ಮ ಕಕ್ಕಾಬಿಕ್ಕಿಯಾಗಿ ನಿಲ್ಲಿಸಿದಳು. ಅವರೂ ನಾಲಿಗೆ ಕಚ್ಚಿಕೊಂಡರು. ಹಲಗೆ ಬಡಿಯಲು ಬಂದವರು ಕೋಲು ಕಂಕುಳಲ್ಲಿ ಇರುಕಿಕೊಂಡು ನೆಲ ನೋಡಿದರು.

"ನೋಡಿದ್ಯಾ ಮಾವ?" ಎಂದಳು ದುರುಗಮ್ಮ. "ಅಳು ಅನ್ನೋದು ಈಗ ಉಳಿದೇ ಇಲ್ಲ."

ಹಾಗೆನ್ನುವಾಗ ತಂಗಿಯ ತೆರೆದ ಬಾಯಿ ಅವಳ ಕಣ್ಣಿಗೆ ಬಿತ್ತು. ಇವಳು ಹೋಗುವುದಿಲ್ಲ, ಹೊಸ್ತಿಲಲ್ಲೇ ಕೂರುತ್ತಾಳೆ ಎಂದು ಅನಿಸಿತು. ಬದುಕಿದ್ದಾಗಲೂ ಅಲ್ಲಿಂದಲೇ ಅಲ್ಲವೇ ತಾನು ಅವಳನ್ನು ವಾಪಸು ಕಳಿಸಿದ್ದು?

ಆಗ ಶಾಮಿಯಾನದ ಹಿಂದಿನಿಂದ ನಾಗರಾಜ್ ಎದ್ದು ಬಂದ. ಚನ್ನಗಿರಿಯವನು, ಕೆಂಚಮ್ಮನ ಜತೆ ಮೊದಲಿನಿಂದ ಕೀಬೋರ್ಡ್ ನುಡಿಸಿದವನು. ಆರ್ಕೆಸ್ಟ್ರಾದ ಸ್ಪೀಕರ್ ಒಂದನ್ನು ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದ.

"ಅಕ್ಕಾರೆ, ಬೈಬ್ಯಾಡ್ರಿ. ಆ ಆಲ್ಬಮ್ಮಿನ ಕೊನೆ ಹಾಡು ನೀವು ಕೇಳೀರಾ?"

"ಒಂದು ಕೇಳಿದ್ದೇ ಸಾಕಾತು. ಕೊನೇದು ಕೇಳಿಲ್ಲ."

"ಯಾರೂ ಕೇಳಿಲ್ರೀ. ಮದುವೆ ಮನೇಲಿ ಅದು ಬರೋ ಹೊತ್ತಿಗೆ ಊಟ ಮುಗಿದು ಕೈ ತೊಳಿತಿರ್ತಾರೆ. ಇಡೀ ಆಲ್ಬಂ ಮಾಡಿದ್ದೇ ಅದೊಂದಕ್ಕೆ ಅಂದಿದ್ರು ರಕ್ಷಕ್ಕ. ಬರೀ ಅದೊಂದನ್ನೇ ಮಾಡ್ತೀನಿ ಅಂದ್ರೆ ಯಾವ ಕಂಪನಿಯೋರು ರೊಕ್ಕ ಹಾಕ್ತಾರೆ? ಅದಕ್ಕೆ ಮುಂದೆ ಪ್ರೇಮದ ಹಾಡು ಇಟ್ರು."

ನಾಗರಾಜ್ ಸ್ಪೀಕರ್ ಹಚ್ಚಿದ.

ಮೊದಲು ಉಸಿರು ಕೇಳಿಸಿತು. ಗೋಡೆಗೆ ಒರಗಿ ಕೂತವಳ ಕಡೆ ಎಲ್ಲರೂ ತಿರುಗಿ ನೋಡಿದರು. ಆಮೇಲೆ ಕೆಂಚಮ್ಮ ಅತ್ತಳು.

"ಏಳಕ್ಕ ಏಳೇ ದುರುಗಕ್ಕ, ಒಲೆ ಮ್ಯಾಲೆ ಎಸರು ಕುದ್ದೈತೆ,
ಮುದ್ದೆ ತಿರುವೋ ನಿನ್ನ ಕೈ ಯಾಕೆ ತಣ್ಣಗಾದಾವೆ..."

ಇದರಲ್ಲಿ ನಲ್ಲನಿರಲಿಲ್ಲ, ಬೆಳದಿಂಗಳಿರಲಿಲ್ಲ. ಸಾವಿನ ಮನೆಯ ಅಳುವೇ, ಹೆಸರು ಹಿಡಿದು ಕರೆದು. ಒಂದು ಸೊಲ್ಲು, ಆಮೇಲೆ ಅಷ್ಟೇ ಉದ್ದದ ಬಿಡುವು. ಬಿಡುವಿನಲ್ಲಿ ಕೀಬೋರ್ಡು ಕೂಡ ಇರಲಿಲ್ಲ.

ಹನುಮಂತಮ್ಮ ಗಾಬರಿಯಿಂದ ಗಾಳಿಯಲ್ಲಿ ಕೈ ಆಡಿಸಿದಳು. "ಕೆಂಚಿ ಅಳ್ತಾ ಅದಾಳಲ್ಲೇ! ಯಾರಿಗೆ ಅಳ್ತಾಳೆ? ದುರುಗಿ ಹೋದಳೇನು?" ತಡಕಾಡಿ ದುರುಗಮ್ಮನ ಪಾದ ಹಿಡಿದು, ಬಿಸಿ ಇದೆಯೋ ಇಲ್ಲವೋ ನೋಡಿದಳು. ಎಷ್ಟು ಹೊತ್ತಾದರೂ ಅವಳು ಕೈ ತೆಗೆಯಲಿಲ್ಲ.

ದುರುಗಮ್ಮನಿಗೆ ತನ್ನ ಕಾಲು ತನಗೇ ತಣ್ಣಗೆನಿಸಿತು. ತನ್ನ ಹೆಣದ ಮುಂದೆ ತಾನೇ ಕೂತಿದ್ದಳು. ತಂಗಿ ಒಂದನ್ನೂ ಬಿಡದೆ ಹೇಳುತ್ತಿದ್ದಳು: ಜಾತ್ರೆಯಲ್ಲಿ ಕೊಂಡ ಬಳೆಯನ್ನು ಅಕ್ಕ ತನಗೆ ತೊಡಿಸಿದ್ದು, ಗಂಡ ಸತ್ತ ವರ್ಷ ಬಾಯಿ ಬಿಡದೆ ಉಪವಾಸ ಮಲಗಿದ್ದು, ಊರ ಹೆಣಕ್ಕೆಲ್ಲ ಅತ್ತು ಬಂದು ಬಚ್ಚಲಲ್ಲಿ ಒಬ್ಬಳೇ ತನಗಾಗಿ ಅಳುತ್ತಿದ್ದದ್ದು. ಅದನ್ನು ಕೆಂಚಿ ಯಾವಾಗ ನೋಡಿದ್ದಳೋ!

"ಯಾಕೆ ಹಿಂಗೆ ಮಾಡಿದಳು?" ಎಂದು ಪಿಸುಗುಟ್ಟಿದಳು.

ನಾಗರಾಜ್ ಬಗ್ಗಿ ಹೇಳಿದ. "ನಾನೂ ಕೇಳಿದ್ದೆ ಅಕ್ಕಾರೆ. ಬದುಕಿರೋರಿಗೆ ಅಳಬಾರದು ಅಲ್ವಾ ಅಂತ. 'ಅಕ್ಕಗೆ ಹೆಣ್ಣುಮಕ್ಕಳಿಲ್ಲ. ನಾನು ಮುಂಚೆ ಹೋದ್ರೆ ಅವಳಿಗೆ ಅಳೋರು ಯಾರು? ಅತ್ತು ಇಟ್ಟಿರ್ತೀನಿ' ಅಂದ್ರು."

"ಮತ್ತೆ ಈ ಬಿಡುವು?"

"ಅದು ಏನಂತ ನಂಗೂ ಹೇಳಲಿಲ್ಲ. ಬಾಜಾ ತುಂಬಿಸ್ತೀನಿ ಅಂದ್ರೆ ಬಿಡಲಿಲ್ಲ."

ದುರುಗಮ್ಮನಿಗೆ ಹೇಳಬೇಕಾಗಿರಲಿಲ್ಲ. ಅವ್ವ ಸತ್ತ ದಿನ ಇಬ್ಬರೂ ಹೆಣದ ಆಚೆ ಈಚೆ ಕೂತು ಅತ್ತಿದ್ದರು; ಅಕ್ಕ ತಂಗಿ ಅಳುವುದೇ ಹಾಗೆ, ಒಬ್ಬಳು ಸೊಲ್ಲು ಎತ್ತಿದರೆ ಇನ್ನೊಬ್ಬಳು ಮುಗಿಸಬೇಕು. ಈ ಬಿಡುವು ತನ್ನ ಪಾಲಿನ ಜಾಗ. ಆ ಬೇಸಿಗೆ ಅಡಿಗೆಮನೆಯ ಬಾಗಿಲು ತೆರೆದು ಹೊರಟ ಅಳು ಇಷ್ಟು ವರ್ಷ ತನ್ನನ್ನೇ ಹುಡುಕುತ್ತಿತ್ತೇನೋ, ಮನೆ ತಪ್ಪಿ ಹೊನ್ನಾಳಿಗೆ ಹೋಯಿತೇನೋ. ಸ್ಪೀಕರಿನಲ್ಲಿ ಸೊಲ್ಲು ಮುಗಿದು ಬಿಡುವು ಬಂತು. ದುರುಗಮ್ಮ ಬಾಯಿ ತೆಗೆದಳು.

"ಎಸರು ಆರಲಿ ಬಿಡೇ ಕೆಂಚವ್ವ, ಉಣ್ಣೋರಿಲ್ಲದ ಎಸರು,
ಹೊಸ್ತಿಲಿಗೆ ಬಂದವಳ ಒಳಗೆ ಬಾ ಅನಲಿಲ್ಲ ಕಣೇ ನಾನು..."

ಒಬ್ಬರೂ ಗುನುಗಲಿಲ್ಲ. ಸತ್ತವಳು ಬದುಕಿದವಳಿಗೆ, ಬದುಕಿದವಳು ಸತ್ತವಳಿಗೆ, ಒಂದು ಸೊಲ್ಲು ಅವಳು, ಒಂದು ಸೊಲ್ಲು ಇವಳು. ಹೊನ್ನಾಳಿಯ ಹೆಂಗಸರು ಒಬ್ಬರನ್ನೊಬ್ಬರು ಒತ್ತಿಕೊಂಡು ಕೂತರು. ಚಿಕ್ಕಹನುಮಂತಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಹಾಡು ಮುಗಿಯಿತು. ನಾಗರಾಜ್ ಸ್ಪೀಕರ್ ಆರಿಸಿದ. ದುರುಗಮ್ಮ ನಿಲ್ಲಿಸಲಿಲ್ಲ.

"ಎತ್ತೋಣೇನು ಯವ್ವಾ?" ಎಂದು ಭೀಮೇಶ್ ಕೇಳಿದ್ದಕ್ಕೆ ಅಳುತ್ತಲೇ ತಲೆಯಾಡಿಸಿದಳು. ಕೆಂಚಮ್ಮನನ್ನು ಚಟ್ಟಕ್ಕೆ ಏರಿಸಿ ಹೆಗಲು ಕೊಟ್ಟರು. ಹಲಗೆಯವರು ಬಡಿಯಲಿಲ್ಲ, ಯಾರೂ ಬಡಿಯಿರಿ ಎನ್ನಲೂ ಇಲ್ಲ. ದುರುಗಮ್ಮ ಚಟ್ಟದ ಹಿಂದೆ ನಡೆಯುತ್ತಾ ಒಂದು ಸೊಲ್ಲು ಅಳುವಳು. ಆಮೇಲೆ ತುಟಿ ಮುಚ್ಚಿ, ಒಂದು ಸೊಲ್ಲಿನಷ್ಟು ಹೊತ್ತು ಸುಮ್ಮನಾಗುವಳು. ಅವಳು ಅಳುವಾಗ ಹೊತ್ತವರ ಕಾಲು ನಡೆಯುತ್ತಿದ್ದವು. ಸುಮ್ಮನಾದಾಗ ಯಾರೂ ಹೇಳದೆ ನಿಲ್ಲುತ್ತಿದ್ದವು.

ಟಾರು ರಸ್ತೆಗೆ ಬಂದಾಗ ಎದುರಿಗೆ ಜಗಳೂರಿನ ಬಸ್ಸು ನಿಂತಿತು. ದುರುಗಮ್ಮನ ಸೊಲ್ಲು ಮುಗಿಯಿತು. ಅವಳು ಚಟ್ಟದ ಕಡೆ ಕಿವಿ ವಾಲಿಸಿ, ಹೌದು ಹೌದೆಂಬಂತೆ ತಲೆ ತೂಗತೊಡಗಿದಳು. ಮುಂದೆ ಹೆಗಲು ಕೊಟ್ಟಿದ್ದ ಭೀಮೇಶ್ ಎತ್ತಿದ ಹೆಜ್ಜೆಯನ್ನು ಇದ್ದಲ್ಲೇ ಇಳಿಸಿದ. ಬಸ್ಸಿನ ಡ್ರೈವರು ಇಂಜಿನ್ ಆರಿಸಿದ. ನಡುರಸ್ತೆಯಲ್ಲಿ ಅಷ್ಟೂ ಜನ, ಕೆಂಚಮ್ಮ ತನ್ನ ಸೊಲ್ಲು ಮುಗಿಸಲಿ ಎಂದು ಕಾದು ನಿಂತರು.